ಬಾಲನಟನಾದ ಮಗನಿಗೆ ಮುಂದೇನು? – ಅನುಭವ ಹಂಚಿಕೆ

ಕೇಳಿದವರು: ಒಬ್ಬ ತಾಯಿ, ದಾವಣಗೆರೆ

ನನ್ನ ಮಗ ಆರನೆಯ ತರಗತಿಯಲ್ಲಿದ್ದಾನೆ. ಬೇಸಿಗೆ ಶಿಬಿರದ ನಾಟಕದಲ್ಲಿ ಅವನನ್ನು ನೋಡಿದವರೊಬ್ಬರ ಮೂಲಕ ಬೆಂಗಳೂರಿನಲ್ಲಿ ಚಿತ್ರೀಕರಣವಾಗುವ ಧಾರಾವಾಹಿಯೊಂದರಲ್ಲಿ ನಾಯಕಿಯ ತಮ್ಮನ ಪಾತ್ರಕ್ಕೆ ಕರೆ ಬಂದಿದೆ. ಮನೆಯನ್ನೇ ಬೆಂಗಳೂರಿಗೆ ಬದಲಾಯಿಸಬೇಕೇ? ದೊಡ್ಡವನಾದ ಮೇಲೆ ಟಿ.ವಿ. ಮತ್ತು ಡಬ್ಬಿಂಗ್ ಕ್ಷೇತ್ರದಲ್ಲಿ ಅವನಿಗೆ ನೆಲೆ ಸಿಕ್ಕೀತೇ? ಅನುಭವ ಇರುವವರು ದಯವಿಟ್ಟು ತಿಳಿಸಬೇಕು.

ಉತ್ತರ: ಡಬ್ಬಿಂಗ್ ಕಲಾವಿದನ ತಂದೆ, ಚಿತ್ರದುರ್ಗ

ಮೊದಲ ಪ್ರಶ್ನೆಗೆ ನೇರವಾಗಿ ಹೇಳುತ್ತೇನೆ: ಮನೆ ಬದಲಾಯಿಸಬೇಡಿ. ಮಕ್ಕಳ ಪಾತ್ರಕ್ಕೆ ತಿಂಗಳಿಡೀ ಕಾಲ್‌ಶೀಟ್ (ಚಿತ್ರೀಕರಣಕ್ಕೆ ಬರಬೇಕಾದ ದಿನಗಳು) ಇರುವುದಿಲ್ಲ. ಕಥೆಯ ಆ ಟ್ರ್ಯಾಕ್ ಮುಗಿದರೆ, ಅಥವಾ ಹುಡುಗ ಒಮ್ಮೆಲೇ ಎತ್ತರ ಬೆಳೆದುಬಿಟ್ಟರೆ, ಅವನನ್ನು ಓದಲು ಹಾಸ್ಟೆಲಿಗೆ ಕಳುಹಿಸಿದ್ದೇವೆ ಎಂದು ಯಾರಿಂದಲೋ ಒಂದು ಮಾತು ಹೇಳಿಸಿ ಪಾತ್ರವನ್ನು ಮುಗಿಸುತ್ತಾರೆ. (ಧಾರಾವಾಹಿಯ ಹಾಸ್ಟೆಲ್ ಸೇರಿದ ಮಕ್ಕಳು ಹಿಂದಿರುಗುವುದು ಬಹಳ ಅಪರೂಪ.) ನನ್ನ ಮಗನ ಪಾತ್ರವೂ ಹಾಗೆಯೇ ಮುಗಿಯಿತು. ದಾವಣಗೆರೆಯಿಂದ ಬೆಂಗಳೂರಿಗೆ ಸುಮಾರು 260 ಕಿ.ಮೀ. ಪ್ರಯಾಣ ದಣಿಸುತ್ತದೆ, ನಿಜ. ಆದರೂ ಊರಿನ ಶಾಲೆಯನ್ನೂ ಮನೆಯವರ ಉದ್ಯೋಗವನ್ನೂ ಬಿಟ್ಟು ಹೋಗುವುದಕ್ಕಿಂತ ಅದು ವಾಸಿ.

ಎರಡನೆಯ ಪ್ರಶ್ನೆಗೆ ಉತ್ತರ ಅಷ್ಟು ಸುಲಭವಲ್ಲ. ‘ಗೌರಿ ಗಣೇಶ’ದಂತಹ ಚಿತ್ರಗಳಲ್ಲಿ ಬಾಲನಟರಾಗಿ ಮನೆಮಾತಾದ ಮಾಸ್ಟರ್ ಆನಂದ್ ಮುಂದೆ ಕಿರುತೆರೆಯಲ್ಲಿ ನೆಲೆ ನಿಂತು, ‘ಡ್ರಾಮಾ ಜೂನಿಯರ್ಸ್’ ವೇದಿಕೆಯಲ್ಲಿ ಮಕ್ಕಳನ್ನೇ ಮಾತನಾಡಿಸುವ ನಿರೂಪಕರಾದರು. ಶಂಕರ್‌ನಾಗ್ ಆಗುಂಬೆಯಲ್ಲಿ ಚಿತ್ರೀಕರಿಸಿದ ‘ಮಾಲ್ಗುಡಿ ಡೇಸ್’ನ ಸ್ವಾಮಿಯಾಗಿ ದೇಶವೇ ಗುರುತಿಸಿದ ಮಾಸ್ಟರ್ ಮಂಜುನಾಥ್ ದೊಡ್ಡವರಾದ ಮೇಲೆ ನಟನೆಯನ್ನು ಬಿಟ್ಟು ಬೇರೆ ವೃತ್ತಿ ಹಿಡಿದರು. ಇಬ್ಬರೂ ಪ್ರತಿಭಾವಂತರೇ, ಹಾಗಾಗಿ ಬಾಲ್ಯದ ಖ್ಯಾತಿಯನ್ನು ನೋಡಿ ಮುಂದಿನ ವೃತ್ತಿಯನ್ನು ಲೆಕ್ಕ ಹಾಕಬಾರದು ಎಂಬುದು ನನ್ನ ಅಭಿಪ್ರಾಯ. ಧ್ವನಿಯ ವಿಷಯದಲ್ಲಿ ನನಗೆ ಸದಾ ನೆನಪಾಗುವವರು ಬಿ. ಜಯಶ್ರೀ. ತಾತ ಗುಬ್ಬಿ ವೀರಣ್ಣನವರ ಕಂಪನಿಯಲ್ಲಿ ಬಾಲ್ಯದಲ್ಲೇ ಬಣ್ಣ ಹಚ್ಚಿದ ಅವರು ಮುಂದೆ ಚಿತ್ರರಂಗದ ಹಲವು ನಾಯಕಿಯರಿಗೆ ಕಂಠದಾನ ಮಾಡಿದರು.

ಡಬ್ಬಿಂಗ್ ಸ್ಟುಡಿಯೊದಲ್ಲಿ ಮುಖದ ಪರಿಚಯ ಯಾವ ಉಪಯೋಗಕ್ಕೂ ಬರುವುದಿಲ್ಲ. ಪರದೆಯ ಮೇಲಿನ ನಟ ತುಟಿ ಮುಚ್ಚುವ ಕ್ಷಣಕ್ಕೆ ಸರಿಯಾಗಿ ಪ, ಬ, ಮ ಅಕ್ಷರಗಳಲ್ಲೊಂದು ಬೀಳಬೇಕು. ಬರೆದುಕೊಟ್ಟ ಮಾತಿನಲ್ಲಿ ಅದು ಹೊಂದದಿದ್ದರೆ ಅಲ್ಲೇ ನಿಂತು ಪದಗಳನ್ನು ಹಿಂದೆಮುಂದೆ ಮಾಡಿಕೊಳ್ಳಬೇಕು. ಹಾಳೆ ತಿರುವಿದ ಸದ್ದಷ್ಟೇ ಅಲ್ಲ, ಹಸಿದ ಹೊಟ್ಟೆಯ ಗುಡುಗುಡು ಕೂಡ ಮೈಕಿಗೆ ಕೇಳಿಸುವುದರಿಂದ ನನ್ನ ಮಗ ಇಂದಿಗೂ ಬಾಳೆಹಣ್ಣು ತಿಂದೇ ಒಳಗೆ ಹೋಗುತ್ತಾನೆ. ಕನ್ನಡ ಓದಲು ತಡವರಿಸುವವರಿಗೆ ಅಲ್ಲಿ ಕೆಲಸವಿಲ್ಲ. ನಿಮ್ಮ ಮಗ ಇಂಗ್ಲಿಷ್ ಮಾಧ್ಯಮದಲ್ಲಿ ಓದುತ್ತಿದ್ದರೆ ಈಗಿನಿಂದಲೇ ದಿನವೂ ಪತ್ರಿಕೆಯ ಒಂದು ಪುಟವನ್ನು ಗಟ್ಟಿಯಾಗಿ ಓದಿಸಿ.

ಕೆಲಸ ಇದೆಯೇ ಎಂದರೆ, ಹಿಂದಿಗಿಂತ ಹೆಚ್ಚೇ ಇದೆ. ಪರಭಾಷೆಯ ಚಿತ್ರ, ಧಾರಾವಾಹಿಗಳನ್ನು ಕನ್ನಡಕ್ಕೆ ಡಬ್ ಮಾಡದಂತೆ ದಶಕಗಳ ಕಾಲ ಇದ್ದ ತಡೆ 2015ರ ಭಾರತೀಯ ಸ್ಪರ್ಧಾ ಆಯೋಗದ ಆದೇಶದ ನಂತರ ಸಡಿಲವಾಯಿತು; 2020ರ ಲಾಕ್‌ಡೌನ್ ಹೊತ್ತಿಗೆ ಹಿಂದಿಯ ‘ಮಹಾಭಾರತ’ ಕನ್ನಡದಲ್ಲಿ ಮಾತನಾಡತೊಡಗಿತು. ಆದರೆ ಹುಡುಗರಿಗೆ ನಡುವೆ ಒಂದು ಕಂದಕವಿದೆ. ಹನ್ನೆರಡರಿಂದ ಹದಿನೈದರ ಆಸುಪಾಸಿನಲ್ಲಿ ಧ್ವನಿತಂತುಗಳು ಉದ್ದವಾಗಿ ದಪ್ಪಗಾಗುವುದರಿಂದ ದನಿ ಒಡೆದು, ಹೆಚ್ಚುಕಡಿಮೆ ಒಂದು ಸ್ಥಾಯಿಯಷ್ಟು ಕೆಳಗಿಳಿಯುತ್ತದೆ. ಆ ಸಮಯದಲ್ಲಿ ನನ್ನ ಮಗನಿಗೆ ಮಕ್ಕಳ ದನಿಯೂ ಇಲ್ಲ, ಯುವಕರ ದನಿಯೂ ಇಲ್ಲ ಎಂಬಂತಾಗಿ ಕರೆಗಳೇ ನಿಂತವು. ಆಗ ಕಿರುಚಿಸುವ ಕೆಲಸ ಒಪ್ಪಿಕೊಳ್ಳಬೇಡಿ. ಗಂಟಲಿಗೆ ವಿಶ್ರಾಂತಿ ಕೊಟ್ಟು ಓದಿಗೆ ಗಮನ ಕೊಡಲಿ.

ಉತ್ತರ: ಒಬ್ಬ ವಕೀಲರು, ದಾವಣಗೆರೆ

ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಕಾನೂನನ್ನು ತಿಳಿದುಕೊಳ್ಳಿ. ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ಆದ ತಿದ್ದುಪಡಿ ಮತ್ತು 2017ರ ನಿಯಮಗಳಂತೆ ಬಾಲಕಲಾವಿದರಿಂದ ದಿನಕ್ಕೆ ಐದು ಗಂಟೆಗಿಂತ ಹೆಚ್ಚು ಕೆಲಸ ಮಾಡಿಸುವಂತಿಲ್ಲ, ಬಿಡುವಿಲ್ಲದೆ ಮೂರು ಗಂಟೆ ಮೀರುವಂತಿಲ್ಲ, ಸತತವಾಗಿ 27 ದಿನ ದಾಟುವಂತಿಲ್ಲ. ಚಿತ್ರೀಕರಣ ನಡೆಯುವ ಜಿಲ್ಲೆಯ ಜಿಲ್ಲಾ ದಂಡಾಧಿಕಾರಿಗಳ ಅನುಮತಿ ಪಡೆಯಬೇಕಾದವರು ನಿರ್ಮಾಪಕರು, ನೀವಲ್ಲ. ಮಗುವಿನ ಸಂಪಾದನೆಯಲ್ಲಿ ಕನಿಷ್ಠ ಶೇ. 20ರಷ್ಟನ್ನು ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಮಗುವಿನ ಹೆಸರಿಗೇ ನಿಶ್ಚಿತ ಠೇವಣಿಯಾಗಿ ಇಡಬೇಕು. ಈ ಮಾತೆತ್ತಿದರೆ ‘ನಮ್ಮಲ್ಲಿ ಅದೆಲ್ಲ ಇಲ್ಲ ಮೇಡಂ’ ಎಂದು ನಗುವವರು ಸಿಗುತ್ತಾರೆ. ಅಂಥವರ ಕೆಲಸವನ್ನು ಒಪ್ಪದಿರುವುದೇ ಮೇಲು.

ಉತ್ತರ: ರಂಗಶಿಕ್ಷಕ, ಹೊಸದುರ್ಗ ತಾಲ್ಲೂಕು

ಮೇಲಿನ ಇಬ್ಬರ ಮಾತನ್ನೂ ಒಪ್ಪುತ್ತೇನೆ. ಕಲಿಕೆಗಾಗಿ ಬೆಂಗಳೂರಿಗೆ ಹೋಗುವ ಅಗತ್ಯವೂ ಇಲ್ಲ. ನಮ್ಮ ಸಾಣೇಹಳ್ಳಿಯಲ್ಲಿ ಶಿವಕುಮಾರ ಕಲಾಸಂಘ ಮತ್ತು ಶಿವಸಂಚಾರ ತಂಡ ದಶಕಗಳಿಂದ ಕೆಲಸ ಮಾಡುತ್ತಿವೆ. ಅಲ್ಲಿಯ ನಾಟಕಗಳನ್ನು ಹುಡುಗನಿಗೆ ತೋರಿಸಿ. ಕೊನೆಯ ಸಾಲಿನಲ್ಲಿ ಕುಳಿತವರಿಗೂ ಪದದ ಕೊನೆಯಕ್ಷರ ಕೇಳಿಸುವಂತೆ ಮಾತನಾಡುವ ಅಭ್ಯಾಸ ಕ್ಯಾಮೆರಾ ಮುಂದೆ ಬರುವುದಿಲ್ಲ, ರಂಗದ ಮೇಲೆ ಬರುತ್ತದೆ. ಚಿತ್ರದುರ್ಗದ ಆಕಾಶವಾಣಿ ಕೇಂದ್ರದಲ್ಲಿ ಮಕ್ಕಳ ಕಾರ್ಯಕ್ರಮಕ್ಕೆ ಅವಕಾಶವಿದೆಯೇ ಎಂದು ವಿಚಾರಿಸಿ. ಮೈಕಿನ ಎದುರು ಉಸಿರನ್ನು ಹಿಡಿತದಲ್ಲಿಡುವುದನ್ನು ಕಲಿಯಲು ರೇಡಿಯೊಗಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ.

ಸ್ಟುಡಿಯೊಗಳಿಗೆ ಧ್ವನಿಮಾದರಿ ಕಳುಹಿಸುವ ಕಾಲ ಬಂದಾಗ ಸಿನಿಮಾ ನಟರ ಅನುಕರಣೆ ಬೇಡ. ಒಂದು ಸುದ್ದಿಯ ಓದು, ಒಂದು ಕಥೆಯ ತುಣುಕು, ಇಬ್ಬರ ನಡುವಿನ ಒಂದು ಜಗಳ – ಇಷ್ಟನ್ನು ಅವನ ಸಹಜ ದನಿಯಲ್ಲಿ, ಹಿನ್ನೆಲೆ ಸಂಗೀತವಿಲ್ಲದೆ, ಫ್ಯಾನ್ ನಿಲ್ಲಿಸಿ ಧ್ವನಿಮುದ್ರಿಸಿ. ದನಿ ಒಡೆದು ನೆಲೆಗೊಂಡ ಮೇಲೆ ಹೊಸದಾಗಿ ಇನ್ನೊಂದು ಮಾದರಿ ಮಾಡಬೇಕಾಗುತ್ತದೆ. ಹಳೆಯದನ್ನು ಕಳುಹಿಸಿದರೆ ಮಕ್ಕಳ ಪಾತ್ರಕ್ಕೇ ಕರೆಯುತ್ತಾರೆ.