ತೋಟಕ್ಕೆ ಇಳಿಯಲಾಗದ ಅಪ್ಪನಿಗೆ ಮನೆಯಲ್ಲೇ ಕಾಡು: ಏನು ಓದಲಿ, ಏನು ತೋರಿಸಲಿ?

ತಿತಿಮತಿ ಮಗಳು:
ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ ಸೊಂಟದ ಆಪರೇಷನ್ ಆಗಿದೆ. ಈ ಮಳೆಗಾಲ ಮುಗಿಯುವವರೆಗೂ ತೋಟಕ್ಕೆ ಇಳಿಯಬಾರದು ಅಂತ ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದಾರೆ. ಬೆಳಗ್ಗೆ ಕಾಫಿ ಕುಡಿದು, ಕತ್ತಿ ಹಿಡಿದು ಹೊರಟರೆ ತಿಂಡಿ ಹೊತ್ತಿಗೇ ಮನೆಗೆ ಬರುತ್ತಿದ್ದ ಮನುಷ್ಯ ಅವರು. ಯಾವ ಮರದ ಪೊಟರೆಯಲ್ಲಿ ಮಂಗಟ್ಟೆ ಗೂಡು ಮಾಡಿದೆ, ರಾತ್ರಿ ಆನೆ ಯಾವ ಕಡೆಯಿಂದ ಬೇಲಿ ಮುರಿದು ಬಂದಿದೆ, ಎಲ್ಲ ಬಂದು ಹೇಳುತ್ತಿದ್ದರು. ಈಗ ಜಗಲಿಯಲ್ಲಿ ಕುರ್ಚಿ ಹಾಕಿಕೊಂಡು ಸುಮ್ನೆ ಮಳೆ ನೋಡುತ್ತಾರೆ. ಮಾತೇ ಕಡಿಮೆಯಾಗಿದೆ.

ಟಿವಿಯಲ್ಲಿ ಪ್ರಾಣಿಗಳ ಚಾನೆಲ್ ಹಾಕಿಕೊಟ್ಟೆ. ಆಫ್ರಿಕಾದ ಸಿಂಹ ಜೀಬ್ರಾ ಹಿಡಿಯುವುದನ್ನು ಸ್ವಲ್ಪ ಹೊತ್ತು ನೋಡಿ, "ಇದು ನಮ್ಮ ಕಾಡಲ್ಲ ಮಗಾ" ಅಂದು ರಿಮೋಟ್ ಕೆಳಗಿಟ್ಟರು. ನಮ್ಮ ಕಡೆಯ ಕಾಡಿರುವ ಪುಸ್ತಕ, ಸಿನಿಮಾ ಏನಿದೆ? ಅವರಿಗೆ ಕಣ್ಣಿನ ಪೊರೆ ಇದೆ, ಸಣ್ಣ ಅಕ್ಷರ ಓದಲು ಆಗುವುದಿಲ್ಲ. ನಮ್ಮಲ್ಲಿ ಗಾಳಿ ಬೀಸಿದರೆ ಕರೆಂಟೂ ಇರುವುದಿಲ್ಲ.

ಕುಶಾಲನಗರ ಹುಡುಗ:
ಅಕ್ಕಾ, 'ವೈಲ್ಡ್ ಕರ್ನಾಟಕ' ತೋರಿಸಿ. 2020ರ ಜನವರಿಯಲ್ಲಿ ಥಿಯೇಟರಿಗೂ ಬಂದಿತ್ತು. ಪೂರ್ತಿ ನಮ್ಮ ರಾಜ್ಯದ ಕಾಡುಗಳೇ. ಇಂಗ್ಲಿಷಿನಲ್ಲಿ ಡೇವಿಡ್ ಅಟೆನ್‌ಬರೋ ದನಿ, ಕನ್ನಡದಲ್ಲಿ ರಿಷಬ್ ಶೆಟ್ಟಿ ದನಿ. ಕನ್ನಡದ್ದನ್ನೇ ಹುಡುಕಿ. ಒಂದು ಗಂಟೆಯೊಳಗೆ ಮುಗಿಯುತ್ತದೆ, ಸೊಂಟ ನೋವಿನವರಿಗೆ ಅದಕ್ಕಿಂತ ಜಾಸ್ತಿ ಕೂರುವುದು ಕಷ್ಟ ಅಲ್ವಾ. ಪೇಟೆಗೆ ಹೋದಾಗ ಏನೇ ಆದರೂ ಮೊದಲೇ ಡೌನ್‌ಲೋಡ್ ಮಾಡಿ ಇಟ್ಟುಕೊಳ್ಳಿ. ಮಳೆಯಲ್ಲಿ ನೆಟ್‌ವರ್ಕ್ ನಂಬಬೇಡಿ.

ಪೊನ್ನಂಪೇಟೆ ಮೇಷ್ಟ್ರು:
ನೋಡಮ್ಮ, ಸಿನಿಮಾ ಇರಲಿ. ಮೊದಲು ನೀನು ಅವರಿಗೆ ಗಟ್ಟಿಯಾಗಿ ಓದಿ ಹೇಳು. ನಮ್ಮ ಅವ್ವ ಕೊನೆಯ ವರ್ಷಗಳಲ್ಲಿ ಹಾಸಿಗೆ ಬಿಟ್ಟು ಏಳುತ್ತಿರಲಿಲ್ಲ. ಕರೆಂಟ್ ಹೋದ ಸಂಜೆಗಳಲ್ಲಿ ಲಾಟೀನು ಇಟ್ಟುಕೊಂಡು ನಾನು ಓದುತ್ತಿದ್ದೆ. ನಾನು ಕಂಡುಕೊಂಡದ್ದು ಇಷ್ಟೇ: ಓದುವವನಿಗಿಂತ ಕೇಳುವವರಿಗೆ ಜಾಸ್ತಿ ಗೊತ್ತಿರುವ ಪುಸ್ತಕ ಆರಿಸಬೇಕು. ಆಗ ಅವರು ನಡುವೆ ಬಾಯಿ ಹಾಕುತ್ತಾರೆ. ಹಾಕಿದ ಕೂಡಲೇ ಪುಸ್ತಕ ಮಡಚಿ ಕೇಳಬೇಕು.

ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ'ದಿಂದ ಶುರು ಮಾಡು. 1980ರ ಪುಸ್ತಕ. ಮೂಡಿಗೆರೆ ಕಡೆಯ ಕಥೆಯಾದರೂ ಮಳೆ, ತೋಟ, ಜೇನು, ಜನ ಎಲ್ಲ ನಮ್ಮದೇ ಅನ್ನಿಸುತ್ತದೆ. ಅದರಲ್ಲಿ ಹುಡುಕಿಕೊಂಡು ಹೋಗುವುದು ಹಾರುವ ಓತಿಯನ್ನು. ಆ ಓತಿ ನಮ್ಮ ಅಡಿಕೆ ಮರಗಳಲ್ಲೂ ಇದೆ. ತೊಗಟೆಗೆ ಅಂಟಿ ಕೂತರೆ ಕಣ್ಣಿಗೆ ಬೀಳುವುದಿಲ್ಲ. ಗಂಡು ತನ್ನ ಗಂಟಲಿನ ಹಳದಿ ಚರ್ಮವನ್ನು ಚಾಚಿ ಮಡಚುವಾಗ ಮಾತ್ರ ಗೊತ್ತಾಗುತ್ತದೆ. ಅದಕ್ಕೆ ರೆಕ್ಕೆ ಇಲ್ಲ. ಉದ್ದನೆಯ ಪಕ್ಕೆಲುಬುಗಳನ್ನು ಅಗಲಿಸಿದರೆ ಅವುಗಳ ಮೇಲಿನ ತೆಳು ಚರ್ಮ ಕೊಡೆಯ ಹಾಗೆ ಬಿಚ್ಚಿಕೊಳ್ಳುತ್ತದೆ. ಹಾಗೇ ಒಂದು ಮರದಿಂದ ಇನ್ನೊಂದಕ್ಕೆ ತೇಲುತ್ತದೆ.

ನಾನು ಆ ಭಾಗ ಓದುವಾಗ ಅವ್ವ ತಡೆದರು. "ಕೆಳಗೆ ಇಳಿದು ಬರುತ್ತಲ್ಲ, ಮರದ ಹತ್ತಿರ ಬಂದಾಗ ಸ್ವಲ್ಪ ಮೇಲಕ್ಕೆದ್ದು ಆಮೇಲೆ ಹಿಡಿಯುತ್ತೆ" ಅಂದರು. ಕೈ ಎತ್ತಿ ತೋರಿಸಿದರು ಕೂಡ. ನಾನು ಆಮೇಲೆ ನಮ್ಮ ತೋಟದಲ್ಲಿ ನಿಂತು ನೋಡಿದೆ, ಹಾಗೇ ಮಾಡುತ್ತದೆ. ನನಗೆ ಅಷ್ಟು ವರ್ಷ ಅದು ಕಂಡಿರಲಿಲ್ಲ. ಅವ್ವ ಅಡಿಕೆ ಹೆಕ್ಕುವಾಗ ಎಂದೋ ನೋಡಿದ್ದರು, ಯಾರೂ ಕೇಳಿರಲಿಲ್ಲ ಅಷ್ಟೇ.

ಆನೆಯದ್ದು ಬೇಕಾದರೆ 'ದಿ ಎಲಿಫೆಂಟ್ ವಿಸ್ಪರರ್ಸ್' ಹಾಕು. 2023ರಲ್ಲಿ ಆಸ್ಕರ್ ಬಂದದ್ದು. ಬಂಡೀಪುರ ದಾಟಿದರೆ ಸಿಗುವ ಮುದುಮಲೆಯ ತೆಪ್ಪಕಾಡು ಶಿಬಿರದಲ್ಲಿ, ತಾಯಿ ಇಲ್ಲದ ರಘು ಅನ್ನುವ ಮರಿಯನ್ನು ಬೊಮ್ಮನ್, ಬೆಳ್ಳಿ ಅನ್ನುವವರು ಸಾಕುವ ಕಥೆ. ಮಾತು ತಮಿಳು, ಆದರೂ ನೋಡಿದರೇ ಅರ್ಥವಾಗುತ್ತದೆ. ದುಬಾರೆಯಲ್ಲಿ ಜೇನುಕುರುಬ ಮಾವುತರನ್ನು ನೋಡಿದವರಿಗೆ ಇನ್ನೂ ಹತ್ತಿರ. ಆನೆ ಅಟ್ಟಿಸಿಕೊಂಡು ಬರುವ ವಿಡಿಯೋಗಳನ್ನು ಮಾತ್ರ ಹಾಕಬೇಡ. ನಿಮ್ಮ ಊರಲ್ಲಿ ಅದನ್ನು ನೋಡಿ ಯಾರಿಗೂ ಖುಷಿ ಆಗುವುದಿಲ್ಲ.

ಸೋಮವಾರಪೇಟೆ ಸೊಸೆ:
ಮೇಷ್ಟ್ರ ಮಾತು ಸರಿ, ಆದರೆ ಭಯದ ಕಥೆಗಳನ್ನೆಲ್ಲ ಪಕ್ಕಕ್ಕೆ ಇಡಬೇಡಿ. ನಮ್ಮ ಮಾವನಿಗೆ ಹುಲಿ ಕಥೆ ಅಂದರೆ ಜೀವ. ಬೇಟೆಗಾರ ಕೆನೆತ್ ಆಂಡರ್ಸನ್ ಅನುಭವಗಳನ್ನು ತೇಜಸ್ವಿ ಕನ್ನಡಕ್ಕೆ ತಂದಿದ್ದಾರಲ್ಲ, 'ಕಾಡಿನ ಕತೆಗಳು', ನಾಲ್ಕು ಭಾಗ ಇದೆ. ನರಭಕ್ಷಕ ಹುಲಿಗೆ ಕಾದು ಕೂತ ರಾತ್ರಿ ಓದುವಾಗ ಮಾವ ಊಟಕ್ಕೂ ಏಳುತ್ತಿರಲಿಲ್ಲ. ಹಳಬರಿಗೆ ಕಾಡಿನ ಮೇಲೆ ಪ್ರೀತಿಯೂ ಇದೆ, ಹೆದರಿಕೆಯೂ ಇದೆ. ಎರಡೂ ಇರುವ ಪುಸ್ತಕವನ್ನೇ ಅವರು ನಂಬುತ್ತಾರೆ ಅಂತ ನನಗೆ ಅನ್ನಿಸುತ್ತದೆ.

ಮರಗಿಡದ ಮೇಲೆ ಆಸಕ್ತಿ ಇದ್ದರೆ ಬಿ.ಜಿ.ಎಲ್. ಸ್ವಾಮಿಯವರ 'ಹಸುರು ಹೊನ್ನು' ತನ್ನಿ. ಸಸ್ಯಶಾಸ್ತ್ರದ ಮೇಷ್ಟ್ರು ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಘಟ್ಟದ ಕಾಡು ಸುತ್ತಿದ್ದು. ಚಿತ್ರಗಳನ್ನೂ ಅವರೇ ಬರೆದಿದ್ದಾರೆ. 1978ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ತುಂಬಾ ನಗಿಸುತ್ತದೆ. ದಿನಕ್ಕೆ ಸ್ವಲ್ಪ ಓದಿ, ಆಯಾ ಗಿಡ ತೋಟದಲ್ಲಿ ಸಿಕ್ಕರೆ ಒಂದು ಎಲೆ ಕಿತ್ತು ಅಪ್ಪನ ಕೈಗೆ ಕೊಡಿ. ಕಣ್ಣು ಮಂಜಾದರೂ ಮೂಗು, ಬೆರಳು ಇದೆಯಲ್ಲ.

ತಿತಿಮತಿ ಮಗಳು:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. 'ಕರ್ವಾಲೊ' ಅಣ್ಣನ ಬೀರುವಿನಲ್ಲೇ ಇತ್ತು. ನಿನ್ನೆ ಸಂಜೆ ಶುರು ಮಾಡಿದೆ. ಜೇನಿನ ವಿಷಯ ಬಂದದ್ದೇ ತಡ, ಅಪ್ಪ ಅಜ್ಜನ ಕಾಲದ ಜೇನುಪೆಟ್ಟಿಗೆ, ಮಳೆಯಲ್ಲಿ ಹುಳು ಸತ್ತದ್ದು, ಮಡಿಕೇರಿ ಸಂತೆಗೆ ತುಪ್ಪ ಒಯ್ದದ್ದು ಎಲ್ಲ ಹೇಳಿದರು. ಪುಸ್ತಕ ಮುಂದೆ ಹೋಗಲೇ ಇಲ್ಲ. ಅಮ್ಮ ಅಡುಗೆಮನೆಯಿಂದ ಬಂದು ಬಾಗಿಲಲ್ಲಿ ನಿಂತು ಕೇಳಿದರು.

'ಹಸುರು ಹೊನ್ನು' ಗೋಣಿಕೊಪ್ಪದಲ್ಲಿ ಕೇಳಿದೆ, ಸಿಗಲಿಲ್ಲ. ಯಾರ ಹತ್ತಿರವಾದರೂ ಇದೆಯಾ?

ಪೊನ್ನಂಪೇಟೆ ಮೇಷ್ಟ್ರು:
ನನ್ನ ಹತ್ತಿರ ಇದೆಯಮ್ಮ. ಹಳೇ ಪ್ರತಿ, ಬೈಂಡ್ ಮಾಡಿಸಿದ್ದೇನೆ. ಪ್ಲಾಸ್ಟಿಕ್ ಸುತ್ತಿ ನಾಳೆ ಬೆಳಗಿನ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕೊಟ್ಟು ಕಳಿಸುತ್ತೇನೆ, ತಿತಿಮತಿಯಲ್ಲಿ ಇಳಿಸಿಕೊಳ್ಳಿ. ವಾಪಸ್ ಕೊಡುವ ಅವಸರ ಇಲ್ಲ. ಅಪ್ಪ ಜೇನಿನ ಬಗ್ಗೆ ಹೇಳಿದ್ದನ್ನು ಒಂದು ಹಳೇ ನೋಟ್‌ಬುಕ್ಕಿನಲ್ಲಿ ಬರೆದಿಡು.