ಮಗ ರಜಕ್ಕೆ ಬಂದಿದ್ದಾನೆ, ಮನೆಯಲ್ಲಿ ದಿನಾ ಕಿರಿಕಿರಿ. ನೀವಾಗಿದ್ರೆ ಏನು ಮಾಡ್ತಿದ್ರಿ?

ನಿಟ್ಟುವಳ್ಳಿ ಅಮ್ಮ

ಎಲ್ಲರಿಗೂ ನಮಸ್ಕಾರ. ಮಗ ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾನೆ. ಮೂರನೇ ಸೆಮ್ ಪರೀಕ್ಷೆ ಮುಗಿಸಿ ರಜಕ್ಕೆ ದಾವಣಗೆರೆಗೆ ಬಂದಿದ್ದಾನೆ. ಬರುತ್ತಾನೆ ಅಂತ ಶೇಂಗಾ ಚಟ್ನಿಪುಡಿ ಕುಟ್ಟಿದ್ದೇನು, ಎಳ್ಳು ಹಚ್ಚಿ ಸಜ್ಜೆ ರೊಟ್ಟಿ ಬಡಿದಿಟ್ಟಿದ್ದೇನು! ಈಗ ನೋಡಿದರೆ ಯಾವಾಗ ಇವನ ಕಾಲೇಜು ಶುರುವಾಗುತ್ತೋ ಅನ್ನಿಸಿಬಿಟ್ಟಿದೆ.

ವಿಷಯ ಏನಂದ್ರೆ, ಬೆಳಗ್ಗೆ ಹನ್ನೊಂದಕ್ಕೆ ಮೊದಲು ಏಳುವುದಿಲ್ಲ. ಎದ್ದು ಮೊಬೈಲ್ ಹಿಡಿದರೆ ಮುಗೀತು. ಏನು ಕೇಳಿದರೂ "ಹೂಂ", "ಇಲ್ಲ", "ನೋಡೋಣ". ಸಂಜೆಯಾದರೆ ಮಾತ್ರ ಜೀವ ಬರುತ್ತದೆ. ಪಿಯು ಫ್ರೆಂಡ್ಸ್ ಎಲ್ಲ ಊರಿಗೆ ಬಂದಿದ್ದಾರೆ, ಬೈಕ್ ತಗೊಂಡು ಹೋದನೆಂದರೆ ವಾಪಸ್ ಬರುವುದು ರಾತ್ರಿ ಹನ್ನೆರಡಕ್ಕೋ ಒಂದಕ್ಕೋ. ಎಲ್ಲಿಗೆ ಅಂದ್ರೆ "ಇಲ್ಲೇ" ಅನ್ನುತ್ತಾನೆ. ಆಮೇಲೆ ಪಕ್ಕದ ಮನೆ ಹುಡುಗ ಬಾಯಿಬಿಟ್ಟ, ಹೈವೇನಲ್ಲಿ ಹರಿಹರದ ಕಡೆ ಯಾವುದೋ ಡಾಬಾಗೆ ಟೀ ಕುಡಿಯೋಕೆ ಹೋಗುತ್ತಾರಂತೆ. ಮನೆಯಲ್ಲಿ ಟೀ ಇಲ್ವಾ?

ನಮ್ಮ ಯಜಮಾನ್ರಿಗೆ ಮಂಡಿಪೇಟೆಯಲ್ಲಿ ಅಂಗಡಿ. ಬೆಳಗ್ಗೆ ಬಾಗಿಲು ತೆಗೆದು, ಹತ್ತಕ್ಕೆ ತಿಂಡಿಗೆ ಮನೆಗೆ ಬರುತ್ತಾರೆ. ಇವನು ಇನ್ನೂ ಮಲಗಿರುತ್ತಾನೆ. "ಇದೇನು ಛತ್ರಾನಾ, ಬಂದು ಬಿದ್ದುಕೊಂಡು ಎದ್ದು ಹೋಗೋಕೆ?" ಅಂತ ಶುರು ಮಾಡುತ್ತಾರೆ. ಮೊನ್ನೆ ಇವನೂ ತಿರುಗಿ ಅಂದುಬಿಟ್ಟ, "ಬೆಂಗಳೂರಲ್ಲಿ ನಾನು ಎಷ್ಟೊತ್ತಿಗೆ ರೂಮಿಗೆ ಬರ್ತೀನಿ ಅಂತ ನಿಮಗೆ ಗೊತ್ತಿರುತ್ತಾ?" ಅಲ್ಲಿಗೆ ಇಬ್ಬರಿಗೂ ಮಾತು ಬಿಟ್ಟಿದೆ. ನಡುವೆ ನಾನು ಪೋಸ್ಟ್‌ಮ್ಯಾನ್. ನಮ್ಮ ಅತ್ತೆಯಂತೂ "ಮಗು ಸೊರಗಿದೆ, ಮಲಗಲಿ ಬಿಡು" ಅಂತ ಅವನ ಪಾರ್ಟಿ.

ಎಷ್ಟು ಬಿಗಿ ಮಾಡಬೇಕು, ಎಷ್ಟು ಬಿಡಬೇಕು ಅಂತಲೇ ತಿಳೀತಿಲ್ಲ. ಹತ್ತೊಂಬತ್ತು ತುಂಬಿದೆ, ಓಟು ಹಾಕಿ ಬಂದಿದ್ದಾನೆ. ಆದರೆ ಫೀಸು, ಪಿಜಿ ಬಾಡಿಗೆ, ಪೆಟ್ರೋಲು ಎಲ್ಲ ನಮ್ಮದೇ ಅಲ್ವಾ?

ಹರಿಹರದ ಅಪ್ಪ

ಮೊದಲು ಬೈಕ್ ಕೀ ತೆಗೆದಿಡಿ ಅಕ್ಕಾ. ಬಾಕಿ ಎಲ್ಲ ಆಮೇಲೆ.

ಹನ್ನೊಂದಕ್ಕೆ ಏಳೋದು, ಮೊಬೈಲು, ಇದೆಲ್ಲ ಪ್ರತಿ ಮನೆಯಲ್ಲೂ ಇರೋದೇ. ನಮ್ಮವನೂ ಹಾಗೇ ಇದ್ದ, ಈಗ ಕೆಲಸಕ್ಕೆ ಸೇರಿದ ಮೇಲೆ ಆರಕ್ಕೆ ಏಳುತ್ತಾನೆ. ಆದರೆ ರಾತ್ರಿ ಹೊತ್ತು ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಬೈಕ್ ಅಂದ್ರೆ ತಮಾಷೆ ಅಲ್ಲ. ನಾನು ಆ ರೋಡಲ್ಲಿ ಓಡಾಡುವವನು. ಲಾರಿಯವರು ನಿದ್ದೆ ಬಂತು ಅಂತ ಪಕ್ಕಕ್ಕೆ ಹಾಕಿ, ಹಿಂದಿನ ಲೈಟೂ ಇಲ್ಲದೆ ಮಲಗಿರುತ್ತಾರೆ. ಸುಗ್ಗಿ ಟೈಮಲ್ಲಿ ಭತ್ತದ ಹುಲ್ಲು ಹೇರಿಕೊಂಡ ಟ್ರಾಕ್ಟರ್ ಮುಂದೆ ಹೋಗುತ್ತಿದ್ದರೆ, ಹತ್ತಿರ ಹೋಗುವ ತನಕ ಅಲ್ಲೊಂದು ಗಾಡಿ ಇದೆ ಅಂತಲೇ ಗೊತ್ತಾಗಲ್ಲ, ರಿಫ್ಲೆಕ್ಟರ್ ಎಲ್ಲ ಹುಲ್ಲಲ್ಲಿ ಮುಚ್ಚಿಹೋಗಿರುತ್ತೆ. ಅದರಲ್ಲಿ ಈ ಹುಡುಗರು ಒಂದು ಬೈಕಲ್ಲಿ ಮೂವರು, ಹೆಲ್ಮೆಟ್ ಕೈಯಲ್ಲಿ. ಹಿಂದೆ ಕೂತವನಿಗೂ ಹೆಲ್ಮೆಟ್ ಕಾನೂನಲ್ಲೇ ಇದೆ, ಯಾರು ಹಾಕುತ್ತಾರೆ ಹೇಳಿ.

ಇಪ್ಪತ್ತು ವಿಷಯಕ್ಕೆ ಬೈದರೆ ಇದೂ ಅದರಲ್ಲೊಂದಾಗಿ ಹೋಗುತ್ತೆ. ಇದೊಂದಕ್ಕೇ ಗಟ್ಟಿಯಾಗಿ ನಿಲ್ಲಿ.

ಐದನೇ ಸೆಮ್ ಹುಡುಗಿ

ನಾನೂ ದಾವಣಗೆರೆಯವಳೇ, ಬೆಂಗಳೂರಲ್ಲಿ ಓದುತ್ತಿದ್ದೇನೆ, ನಾನೂ ಈಗ ರಜದಲ್ಲಿದ್ದೇನೆ, ನಾನೂ ಹತ್ತೂವರೆಗೇ ಎದ್ದಿದ್ದು. ಹಾಗಾಗಿ ನಿಮ್ಮ ಮಗನ ಪರ ಸ್ವಲ್ಪ ಮಾತಾಡುತ್ತೇನೆ ಆಂಟಿ.

ವಿಟಿಯುನಲ್ಲಿ 85 ಪರ್ಸೆಂಟ್ ಅಟೆಂಡೆನ್ಸ್ ಕೇಳುತ್ತಾರೆ. ಎಂಟೂವರೆ ಕ್ಲಾಸಿಗೆ ಏಳಕ್ಕೇ ಬಸ್ ಹತ್ತಬೇಕು. ಇಂಟರ್ನಲ್ಸು, ಲ್ಯಾಬ್ ರೆಕಾರ್ಡು, ಆಮೇಲೆ ಮೇನ್ ಎಕ್ಸಾಮು ಅಂತ ಕೊನೆಯ ಒಂದೂವರೆ ತಿಂಗಳು ಯಾರೂ ಸರಿಯಾಗಿ ಮಲಗಿರಲ್ಲ. ಊರಿಗೆ ಬಂದ ತಕ್ಷಣ ಮೈ ಎಲ್ಲ ಬಿಟ್ಟುಹೋಗುತ್ತೆ. ಮೊದಲ ವಾರ ನಾನು ಊಟಕ್ಕೆ ಎದ್ದು ಮತ್ತೆ ಮಲಗಿದ್ದೇ ಜಾಸ್ತಿ.

ಮಾತಾಡಲ್ಲ ಅಂತೀರಲ್ಲ, ಏನು ಕೇಳುತ್ತೀರಿ ಅಂತ ನೋಡಿಕೊಳ್ಳಿ. ನಮ್ಮ ಮನೇಲಿ ಕೇಳೋದು ಮೂರೇ: ಊಟ ಆಯ್ತಾ, ಎಷ್ಟು ಬಂತು, ಪ್ಲೇಸ್‌ಮೆಂಟ್ ಏನಾಯ್ತು. ಮೇಲೆ ಚಿಕ್ಕಪ್ಪ ಬಂದರೆ "ಈ ಸಲ ಡಿಸ್ಟಿಂಕ್ಷನ್ನಾ?" ಅದಕ್ಕೆ "ಹೂಂ" ಬಿಟ್ಟು ಬೇರೆ ಏನು ಹೇಳೋದು? ನನ್ನ ಅಮ್ಮನ ಹತ್ತಿರ ನಾನು ಮಾತಾಡೋದು ಸ್ಕೂಟಿ ಮೇಲೆ. ಮಾರ್ಕೆಟ್‌ಗೆ ಹೋಗುವಾಗ ಅವರು ಹಿಂದೆ ಕೂತಿರುತ್ತಾರೆ, ಮುಖ ಕಾಣಲ್ಲ, ಎಲ್ಲ ಹೇಳಿಬಿಡುತ್ತೇನೆ. ರೂಮ್‌ಮೇಟ್ ಜೊತೆ ಜಗಳ ಆಗಿದ್ದು, ಒಂದು ಸಬ್ಜೆಕ್ಟ್ ಹೋಗಬಹುದು ಅನ್ನೋ ಭಯ, ಎಲ್ಲ ಹಾಗೇ ಹೊರಬಿದ್ದಿದ್ದು. ಅಂಕಲ್‌ಗೂ ಹೇಳಿ, ಭಾನುವಾರ ಬೆಣ್ಣೆ ದೋಸೆ ತಿನ್ನೋಕೆ ಅವನನ್ನು ಕರಕೊಂಡು ಹೋಗಲಿ. ದೋಸೆ ಬರೋ ತನಕ ಸುಮ್ನೆ ಕೂರೋಕೆ ಆಗಲ್ಲ, ಏನಾದರೂ ಮಾತಾಡಲೇಬೇಕು. ಎರಡನೇ ದೋಸೆ ಬರೋವರೆಗೆ ಮಾರ್ಕ್ಸ್ ಸುದ್ದಿ ಮಾತ್ರ ಬೇಡ.

ಇನ್ನೊಂದು. ನನ್ನ ತಮ್ಮ ಹನ್ನೆರಡಕ್ಕೆ ಬಂದರೆ "ಹುಡುಗ, ಫ್ರೆಂಡ್ಸ್ ಜೊತೆ ಹೋಗಿದ್ದ". ನಾನು ಎಂಟು ದಾಟಿದರೆ ಗೇಟ್ ಹತ್ತಿರ ಮೂವರು ನಿಂತಿರುತ್ತಾರೆ. ಇದು ನಿಮ್ಮ ಪ್ರಶ್ನೆಗೆ ಉತ್ತರ ಅಲ್ಲ, ಹೊಟ್ಟೆಕಿಚ್ಚಿಗೆ ಬರೆದೆ.

ದುರ್ಗದ ಮೇಷ್ಟ್ರು

ಚಿತ್ರದುರ್ಗದಲ್ಲಿ ಡಿಗ್ರಿ ಹುಡುಗರಿಗೆ ಜೀವಶಾಸ್ತ್ರ ಪಾಠ ಮಾಡುತ್ತೇನೆ. ಬೆಳಗಿನ ಮೊದಲ ಪೀರಿಯಡ್ ನನ್ನದೇ, ಹಾಗಾಗಿ ಈ ನಿದ್ದೆಯ ವಿಷಯ ನನಗೆ ಚೆನ್ನಾಗಿ ಗೊತ್ತು!

ಹದಿಹರೆಯದಲ್ಲಿ ಮೈಯೊಳಗಿನ ಗಡಿಯಾರವೇ ಹಿಂದಕ್ಕೆ ಸರಿಯುತ್ತದೆ. ನಿದ್ದೆ ತರುವ ಮೆಲಟೋನಿನ್ ಅನ್ನೋ ಹಾರ್ಮೋನು ರಾತ್ರಿ ತಡವಾಗಿ ಏರುತ್ತದೆ, ಹೀಗಾಗಿ ಹತ್ತಕ್ಕೆ ಮಲಗು ಅಂದರೂ ನಿದ್ದೆ ಹತ್ತುವುದಿಲ್ಲ. ಇಪ್ಪತ್ತರ ಆಸುಪಾಸಿನಿಂದ ಅದು ನಿಧಾನಕ್ಕೆ ಮತ್ತೆ ಮುಂದಕ್ಕೆ ಬರುತ್ತದೆ. ಈ ವಯಸ್ಸಿಗೆ 7ರಿಂದ 9 ಗಂಟೆ ನಿದ್ದೆ ಬೇಕು. ಎರಡಕ್ಕೆ ಮಲಗಿದವನು ಹನ್ನೊಂದಕ್ಕೆ ಎದ್ದರೆ ಲೆಕ್ಕ ಸರಿಯಾಗೇ ಇದೆ. ಪೂರ್ತಿ ಸೋಮಾರಿತನ ಅಲ್ಲ. ಮಲಗುವ ಹೊತ್ತಿಗೂ ಮೊಬೈಲ್ ಕೈಯಲ್ಲಿದ್ದರೆ ಅದು ಇನ್ನಷ್ಟು ಹಿಂದಕ್ಕೆ ಹೋಗುತ್ತದೆ, ಅಲ್ಲಿ ಮಾತ್ರ ತಪ್ಪು ಅವನದೇ.

ಚಿಂತೆ ಮಾಡಬೇಕಾದ್ದು ಬೇರೆ ಥರದ ಮಕ್ಕಳಿಗೆ. ಫ್ರೆಂಡ್ಸ್ ಕರೆದರೂ ಹೋಗದವರು, ಊಟ ಬಿಟ್ಟವರು, ಕಾಲೇಜಿನ ಹೆಸರೆತ್ತಿದರೆ ಎದ್ದು ಹೋಗುವವರು, ರಾತ್ರಿಯೂ ನಿದ್ದೆ ಇಲ್ಲ ಹಗಲೂ ನಿದ್ದೆ ಇಲ್ಲ ಅನ್ನುವವರು. ಅಂಥದ್ದು ಕಂಡರೆ "ಓದದೇ ಇರೋಕೆ ನೆಪ" ಅನ್ನದೆ ಕೂರಿಸಿ ಕೇಳಿ. ಕೇಂದ್ರ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ, ರಾತ್ರಿಯೂ ಎತ್ತುತ್ತಾರೆ. ನಿಮ್ಮ ಮಗ ಸಂಜೆಯಾದರೆ ಫ್ರೆಂಡ್ಸ್ ಹತ್ತಿರ ಓಡುತ್ತಾನೆ ಅಂತೀರಿ, ನನಗಂತೂ ಒಳ್ಳೆಯ ಲಕ್ಷಣವಾಗಿಯೇ ಕಾಣುತ್ತದೆ.

ಒಂದು ಪ್ರಶ್ನೆ ಅಕ್ಕಾ. ಯಜಮಾನ್ರು ತಿಂಡಿಗೆ ಬಂದಾಗ ಅವನು ಮಲಗಿರೋದು ಕಾಣುತ್ತೆ ಅಂದಿರಿ. ಅವನು ಮಲಗೋದು ಎಲ್ಲಿ?

ನಿಟ್ಟುವಳ್ಳಿ ಅಮ್ಮ

ಹಾಲ್‌ನಲ್ಲಿ, ದಿವಾನದ ಮೇಲೆ. ಅವನ ರೂಮು ಈಗ ಮಗಳಿಗೆ ಆಗಿದೆ, ಅವಳದು ಈ ವರ್ಷ ಎಸ್ಸೆಸ್ಸೆಲ್ಸಿ. ಅರ್ಧ ರೂಮು ಅವಳ ಟೇಬಲ್ಲು. ಇನ್ನರ್ಧ ಅಕ್ಕಿ ಮೂಟೆ. ಮಲೇಬೆನ್ನೂರಿನ ಹತ್ತಿರ ಗದ್ದೆ ಇದೆ, ಭದ್ರಾ ನಾಲೆ ನೀರು, ಈ ಸಲ ಭತ್ತ ಚೆನ್ನಾಗಿ ಬಂತು, ಮಿಲ್ಲಿಗೆ ಹಾಕಿಸಿ ವರ್ಷಕ್ಕಾಗುವಷ್ಟು ಅಲ್ಲೇ ಒಟ್ಟಿದ್ದೇವೆ. ಅವನು ಬಂದ ದಿನ ಬ್ಯಾಗ್ ಹಿಡಕೊಂಡು ಸೀದಾ ರೂಮಿಗೆ ಹೋದ, ಬಾಗಿಲಲ್ಲಿ ನಿಂತು ನೋಡಿದ, ಬ್ಯಾಗ್ ತಂದು ಟಿವಿ ಪಕ್ಕ ಇಟ್ಟ. ಏನೂ ಅನ್ನಲಿಲ್ಲ. ಬಟ್ಟೆ ಇನ್ನೂ ಆ ಬ್ಯಾಗಿನಲ್ಲೇ ಇದೆ.

ಅತ್ತೆ ಬೆಳಗ್ಗೆ ಐದೂವರೆಗೆ ಎದ್ದು ಟಿವಿಯಲ್ಲಿ ವಚನ ಹಾಕುತ್ತಾರೆ. ಹಾಲ್‌ನಲ್ಲೇ. ಮಲಗಲಿ ಬಿಡು ಅನ್ನೋರೂ ಅವರೇ!

ಐದನೇ ಸೆಮ್ ಹುಡುಗಿ

ಆಂಟಿ, ಇದನ್ನು ಮೊದಲೇ ಹೇಳಬಾರದಿತ್ತಾ? ಡಾಬಾ ಟೀ ಯಾಕೆ ಅಂತ ಈಗ ಅರ್ಥ ಆಯ್ತು.

ಹರಿಹರದ ಅಪ್ಪ

ನಾನು ಇದನ್ನು ಒಪ್ಪಲ್ಲ. ಪಿಜಿಯಲ್ಲಿ ಒಂದು ರೂಮಿಗೆ ಮೂವರು ಮಲಗುತ್ತಾರೆ, ಅಲ್ಲಿ ಹೊಂದಿಕೊಳ್ಳೋಕೆ ಆಗುತ್ತೆ, ಅಪ್ಪನ ಮನೆ ಹಾಲ್‌ನಲ್ಲಿ ಆಗಲ್ವಾ? ನಾವೆಲ್ಲ ಪಡಸಾಲೆಯಲ್ಲಿ ಸಾಲಾಗಿ ಮಲಗಿ ಬೆಳೆದವರು.

ಐದನೇ ಸೆಮ್ ಹುಡುಗಿ

ಅಲ್ಲಿ ಮೂವರೂ ಮಲಗೋದು ಎರಡಕ್ಕೇ ಅಂಕಲ್. ಐದೂವರೆಗೆ ಯಾರೂ ವಚನ ಹಾಕಲ್ಲ.

ದುರ್ಗದ ಮೇಷ್ಟ್ರು

ಹರಿಹರದವರು ಬೈಕ್ ಬಗ್ಗೆ ಹೇಳಿದ್ದು ನೂರಕ್ಕೆ ನೂರು ಸರಿ, ಅದರಲ್ಲಿ ರಾಜಿ ಬೇಡ. ಆದರೆ ಕೀ ಕಸಿದರೆ ಇನ್ನೊಬ್ಬನ ಬೈಕ್ ಹತ್ತುತ್ತಾನೆ, ಅದು ಇನ್ನೂ ಕಷ್ಟ. ಹೈವೇ ಬೇಡ, ಊರೊಳಗೆ ಎಲ್ಲಿ ಬೇಕಾದರೂ ಕೂತು ಹರಟೆ ಹೊಡಿ, ಹೊರಡುವಾಗ ಒಂದು ಮೆಸೇಜ್ ಹಾಕು ಅಂತ ಹೇಳಿ. ಮೆಸೇಜ್ ಬಂದರೆ ಆಮೇಲೆ ಫೋನ್ ಮೇಲೆ ಫೋನ್ ಮಾಡಬೇಡಿ. ನಮ್ಮ ಮಗಳ ಜೊತೆ ಹೀಗೇ ನಡೆದುಕೊಂಡು ಬಂದಿದೆ.

ಮತ್ತೆ ಅವನನ್ನು ನೆಂಟನ ಥರ ಕೂರಿಸಬೇಡಿ. ತಂಗಿಗೆ ದಿನಾ ಒಂದು ಗಂಟೆ ಲೆಕ್ಕ ಹೇಳಿಕೊಡಲಿ, ಸಂಜೆ ಅಂಗಡಿಯಲ್ಲಿ ಅಪ್ಪ ಊಟಕ್ಕೆ ಎದ್ದಾಗ ಗಲ್ಲಾದಲ್ಲಿ ಕೂರಲಿ.

ನಿಟ್ಟುವಳ್ಳಿ ಅಮ್ಮ

ಹೈವೇ ವಿಷಯ ರಾತ್ರಿ ಮಾತಾಡಿದೆ. ಒಂದೇ ಮಾತಿಗೆ "ಸರಿ" ಅಂದ. ಇಷ್ಟು ಸುಲಭವಾಗಿ ಒಪ್ಪಿದ್ದು ನೋಡಿ ನನಗೇ ಅನುಮಾನ, ನೋಡೋಣ. ಗಲ್ಲಾದ ಮಾತಿಗೆ ಯಜಮಾನ್ರು "ಅವನಿಗೆ ಬೇಳೆ ರೇಟು ಗೊತ್ತಾ?" ಅಂದರು, ಬೇಡ ಅಂತೇನೂ ಅನ್ನಲಿಲ್ಲ.

ಈಗ ಉಳಿದಿರೋದು ಮೂಟೆ. ಮೆಟ್ಟಿಲ ಕೆಳಗೆ ಜಾಗ ಇದೆ, ಅಲ್ಲಿ ಥಂಡಿ ಹಿಡಿದು ಹುಳ ಬೀಳುತ್ತೆ ಅಂತಾರೆ ಅತ್ತೆ.

ದುರ್ಗದ ಮೇಷ್ಟ್ರು

ನೆಲಕ್ಕೆ ಹಲಗೆ ಹಾಕಿ ಅದರ ಮೇಲೆ ಒಟ್ಟಿ. ಗೋಡೆಗೆ ತಾಗಿಸಬೇಡಿ, ಒಂದು ಗೇಣು ಬಿಡಿ, ಗಾಳಿ ಆಡಬೇಕು. ನೆರಳಲ್ಲಿ ಒಣಗಿಸಿದ ಬೇವಿನ ಸೊಪ್ಪು ಮೂಟೆಗಳ ನಡುವೆ ಇಡಿ. ಹಸಿ ಸೊಪ್ಪು ಮಾತ್ರ ಬೇಡ, ಬೂಸ್ಟು ಹಿಡಿಯುತ್ತೆ.

ನಿಟ್ಟುವಳ್ಳಿ ಅಮ್ಮ

ಥ್ಯಾಂಕ್ಸ್ ಸರ್. ಯಜಮಾನ್ರಿಗೆ ಬೆನ್ನು ನೋವು, ಮೂಟೆ ಎತ್ತೋಕೆ ಆಗಲ್ಲ. ಭಾನುವಾರ ಅವನ ಫ್ರೆಂಡ್ಸ್‌ನೇ ಕರೆಸುತ್ತೇನೆ. ಮಂಡಕ್ಕಿ ಕಲಸಿ ಬಿಸಿ ಮಿರ್ಚಿ ಬಿಟ್ಟರೆ ಬಾರದೆ ಎಲ್ಲಿಗೆ ಹೋಗುತ್ತಾರೆ.