ಹೋಮ್‌ಸ್ಟೇ ಡಿಶ್‌ವಾಶರ್: ತೊಳೆದ ತಟ್ಟೆ ಮೇಲೆ ಬಿಳಿ ಪೊರೆ, ಒಣಗುವುದೂ ಇಲ್ಲ

ಕಾಫಿಕಣಿವೆ:
ಸಕಲೇಶಪುರದ ಕಡೆ ನಮ್ಮದು ಆರು ಕೋಣೆಯ ಹೋಮ್‌ಸ್ಟೇ. ಪಾತ್ರೆ ತೊಳೆಯಲು ಜನ ಸಿಗುವುದಿಲ್ಲ ಎಂದು ಕಟ್ಟೆ ಕೆಳಗೆ ಕೂರುವ ಕಮರ್ಷಿಯಲ್ ಡಿಶ್‌ವಾಶರ್ ಹಾಕಿಸಿದೆವು, ಸಿಂಗಲ್ ಫೇಸ್. ಮೊದಲು ಚೆನ್ನಾಗಿಯೇ ತೊಳೆಯುತ್ತಿತ್ತು. ಈಗ ಸ್ಟೀಲ್ ತಟ್ಟೆಗಳ ಮೇಲೆಲ್ಲ ತೆಳುವಾದ ಬಿಳಿ ಪೊರೆ. ಒದ್ದೆಯಿದ್ದಾಗ ಕಾಣುವುದಿಲ್ಲ, ಒಣಗಿದ ಮೇಲೆ ಉಗುರಲ್ಲಿ ಗೀರಿದರೆ ಗೆರೆ ಬೀಳುತ್ತದೆ. ಬೇಗ ಒಣಗುವುದೂ ಇಲ್ಲ. ಬಟ್ಟೆಯಲ್ಲಿ ಒರೆಸಿದರೆ ಈ ಮಳೆಗಾಲದಲ್ಲಿ ಬಟ್ಟೆಯ ಮುಗ್ಗಲು ವಾಸನೆ ತಟ್ಟೆಗೆ ಬರುತ್ತದೆ. ಗಡಸು ನೀರು, ಸಾಫ್ಟ್‌ನರ್ (ನೀರಿನ ಗಡಸುತನ ತೆಗೆಯುವ ಯಂತ್ರ) ಹಾಕಿಸಿ ಅಂತಾರೆ. ಹಾಕಿಸಲೇಬೇಕಾ?

ಬೋರ್‌ವೆಲ್‌ಬಾಸ್:
ಹಾಕಿಸಿ. ನಮ್ಮ ಕೋಲಾರದಲ್ಲಿ ಸಾಫ್ಟ್‌ನರ್ ಇಲ್ಲದೆ ಹೀಟರ್ ಕಾಯಿಲ್ ಮೇಲೆ ಸುಣ್ಣ ಕಟ್ಟಿ ಬೇಗ ಸುಟ್ಟೇ ಹೋಗುತ್ತದೆ.

ಪಾನಾಪಕ್ಕಡ್:
ಸ್ವಲ್ಪ ತಡೆಯಿರಿ. ಕಾಫಿಕಣಿವೆಯವರೇ, ನೀರು ಎಲ್ಲಿಯದು?

ಕಾಫಿಕಣಿವೆ:
ಗುಡ್ಡದ ಒರತೆ ನೀರು. ನೀರಲ್ಲಿ ಕರಗಿದ್ದನ್ನು ಅಳೆಯುವ ಟಿಡಿಎಸ್ ಮೀಟರ್ 60 ತೋರಿಸುತ್ತದೆ.

ಪಾನಾಪಕ್ಕಡ್:
ಹಾಗಾದ್ರೆ ಸಾಫ್ಟ್‌ನರ್‌ಗೆ ದುಡ್ಡು ಹಾಕಬೇಡಿ. ಕುಡಿಯುವ ನೀರಿಗೇ ಬಿಐಎಸ್ (ಭಾರತೀಯ ಮಾನಕ ಸಂಸ್ಥೆ) ಲೀಟರಿಗೆ 200 ಮಿಲಿಗ್ರಾಂವರೆಗೆ ಗಡಸುತನ ಒಪ್ಪುತ್ತದೆ. ಕರಗಿದ್ದೆಲ್ಲ ಸೇರಿ 60 ಇರುವ ನೀರಲ್ಲಿ ಸುಣ್ಣ ಎಷ್ಟು ಇದ್ದೀತು?

ಎರಡು ಪರೀಕ್ಷೆ ಮಾಡಿ. ಒಂದು ತಟ್ಟೆಗೆ ವಿನಿಗರ್ ಹಚ್ಚಿ ಉಜ್ಜಿ. ಪೊರೆ ಕರಗಿ ಹೋದರೆ ಸುಣ್ಣ. ಇನ್ನೊಂದಕ್ಕೆ ಗಾಯಕ್ಕೆ ಹಚ್ಚುವ ಕಂದು ಅಯೋಡಿನ್ ಔಷಧಿಯನ್ನು ನೀರಲ್ಲಿ ತೆಳು ಮಾಡಿ ಸವರಿ. ಕಪ್ಪು ನೀಲಿಗೆ ತಿರುಗಿದರೆ ಅದು ಗಂಜಿ. ಆಮೇಲೆ ತಟ್ಟೆ ಚೆನ್ನಾಗಿ ತೊಳೆಯಿರಿ.

ಕಾಫಿಕಣಿವೆ:
ವಿನಿಗರ್‌ಗೆ ಏನೂ ಆಗಲಿಲ್ಲ. ಅಯೋಡಿನ್ ಸವರಿದ್ದೇ ತಡ, ತಟ್ಟೆ ನಡುವೆ ಶಾಯಿ ಚೆಲ್ಲಿದ ಹಾಗೆ ನೀಲಿ! ಅಂಚು ಮಾತ್ರ ಕಂದಾಗೇ ಇದೆ.

ಪಾನಾಪಕ್ಕಡ್:
ಕಡುಬು, ಅಕ್ಕಿ ರೊಟ್ಟಿ, ಅನ್ನ. ಮಲೆನಾಡಿನ ಊಟ ಅಲ್ವಾ! ಗಂಜಿ ಬಿಡದಿದ್ದರೆ ಮೊದಲು ನೋಡಬೇಕಾದ್ದು ಸೋಪು. ಮೆಷಿನ್ ಓಡುವಾಗ ಡಿಟರ್ಜೆಂಟ್ ಕ್ಯಾನಿನಿಂದ ಹೋಗುವ ಸಣ್ಣ ಟ್ಯೂಬನ್ನೇ ನೋಡುತ್ತಾ ನಿಲ್ಲಿ. ಜೊತೆಗೆ ಮೆಷಿನ್ ಒಳಗಿನ ಟ್ಯಾಂಕಿನ ನೀರು ಎಷ್ಟು ಹೊತ್ತಿಗೊಮ್ಮೆ ಬದಲಾಯಿಸುತ್ತೀರಿ ಹೇಳಿ.

ಕಾಫಿಕಣಿವೆ:
ಟ್ಯೂಬಲ್ಲಿ ಬರೀ ಗಾಳಿಗುಳ್ಳೆ, ಸೋಪು ಮುಂದಕ್ಕೆ ಹೋಗುತ್ತಲೇ ಇಲ್ಲ. ಟ್ಯಾಂಕ್ ನೀರು ರಾತ್ರಿ ಖಾಲಿ ಮಾಡುತ್ತೇವೆ.

ಪಾನಾಪಕ್ಕಡ್:
ಸಿಕ್ಕಿತು. ಸೋಪು ಅಳೆದು ಬಿಡುವ ಡೋಸಿಂಗ್ ಪಂಪಿನೊಳಗೆ ರೋಲರ್ ಒತ್ತುವ ರಬ್ಬರ್ ಟ್ಯೂಬ್ ಇರುತ್ತದೆ. ಒತ್ತಿ ಒತ್ತಿ ಚಪ್ಪಟೆಯಾದರೆ ಅಥವಾ ಬಿರುಕು ಬಿಟ್ಟರೆ ಸೋಪು ಎಳೆಯುವುದಿಲ್ಲ. ಹೊಸದು ಹಾಕಿಸಿ. ಅಲ್ಲಿಯವರೆಗೆ ಕೈಯಿಂದ ಪಾತ್ರೆ ಉಜ್ಜುವ ಲಿಕ್ವಿಡ್ ಮಾತ್ರ ಸುರಿಯಬೇಡಿ. ನೊರೆ ಎದ್ದು ನೀರು ಚಿಮ್ಮಿಸುವ ಪಂಪಿನ ಒತ್ತಡವೇ ಬಿದ್ದುಹೋಗುತ್ತದೆ.

ತಟ್ಟೆಗಳನ್ನು ಮೊದಲು ತಣ್ಣೀರಲ್ಲಿ ಅನ್ನದಗಳು ಉಳಿಯದ ಹಾಗೆ ಜಾಲಾಡಿಸಿ. ಬಿಸಿನೀರು ಬೇಡ, ಗಂಜಿ ಅಂಟಿಕೊಳ್ಳುತ್ತದೆ. ಟ್ಯಾಂಕಿನ ನೀರು ಅದೇ ಸುತ್ತುತ್ತಿರುತ್ತದೆ, ಹಾಗಾಗಿ ತಿಂಡಿ ಮುಗಿದ ಮೇಲೊಮ್ಮೆ, ಊಟ ಮುಗಿದ ಮೇಲೊಮ್ಮೆ ಖಾಲಿ ಮಾಡಿ, ಜಾಲರಿ ತೊಳೆಯಿರಿ. ಈಗ ಕಟ್ಟಿರುವ ಪೊರೆಗೆ ಬಿಸಿನೀರಲ್ಲಿ ಮೆಷಿನ್ ಡಿಟರ್ಜೆಂಟ್ ಬೆರೆಸಿ ನೆನೆಹಾಕಿ. ಕೈಗೆ ಗ್ಲೌಸ್ ಕಡ್ಡಾಯ, ಅದು ಚರ್ಮ ಸುಡುವ ಕ್ಷಾರದ ಸೋಪು. ಅಲ್ಯೂಮಿನಿಯಂ ಇಡ್ಲಿ ತಟ್ಟೆ ಹಾಕಬೇಡಿ, ಕಪ್ಪಗಾಗುತ್ತದೆ.

ಒಣಗದಿರುವುದು ಬೇರೆ ಕಥೆ. ಕೊನೆಯ ರಿನ್ಸ್ (ಜಾಲಾಡಿಸುವ ನೀರು) 82–85 ಡಿಗ್ರಿ ಇರಬೇಕು. ಆ ಬಿಸಿಗೇ ತಟ್ಟೆ ತಾನಾಗಿ ಒಣಗುವುದು. ಡಿಸ್‌ಪ್ಲೇ ಎಷ್ಟು ತೋರಿಸುತ್ತದೆ? ಸಂಜೆ ವೋಲ್ಟೇಜ್ ಎಷ್ಟು?

ಕಾಫಿಕಣಿವೆ:
ಸಂಜೆ 170. ರಿನ್ಸ್ 65 ದಾಟುವುದೇ ಇಲ್ಲ.

ಪಾನಾಪಕ್ಕಡ್:
230ರ ಹೀಟರ್‌ಗೆ 170 ಬಂದರೆ ಸಿಗುವ ಶಾಖ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೆ. ಮೇಲಿಂದ ತಣ್ಣನೆಯ ಒರತೆ ನೀರು. ಬಾಯ್ಲರ್ ಬಿಸಿಯಾಗುವವರೆಗೆ ರಿನ್ಸ್ ತಡೆದು ನಿಲ್ಲಿಸುವ ಸೆಟ್ಟಿಂಗ್ ಹಲವು ಮೆಷಿನ್‌ಗಳಲ್ಲಿ ಇರುತ್ತದೆ, ಟೆಕ್ನಿಷಿಯನ್ ಹತ್ತಿರ ಆನ್ ಮಾಡಿಸಿ. ಒಂದೊಂದು ರ್ಯಾಕ್‌ಗೆ ಸಮಯ ಜಾಸ್ತಿ ಹಿಡಿಯುತ್ತದೆ, ಹಿಡಿಯಲಿ. ಸೋಲಾರ್ ನೀರನ್ನು ಮೆಷಿನ್ನಿಗೆ ಕೊಡಬಹುದಾ, ಎಷ್ಟು ಬಿಸಿಯವರೆಗೆ ಅಂತ ಮ್ಯಾನುಯಲ್ ನೋಡಿ. ನೀರು ಜಾರಿ ಬೇಗ ಒಣಗಲು ಹಾಕುವ ದ್ರವ, ರಿನ್ಸ್ ಏಡ್, ಖಾಲಿಯಾಗಿದ್ದರೂ ನೀರು ಹನಿಹನಿಯಾಗಿ ನಿಲ್ಲುತ್ತದೆ.

ಕಾಫಿಕಣಿವೆ:
ಟ್ಯೂಬ್ ಬದಲಾಯಿಸಿ, ಸೆಟ್ಟಿಂಗ್ ಆನ್ ಮಾಡಿಸಿದೆವು. ಪೊರೆ ಹೋಯಿತು, ರ್ಯಾಕ್ ಹೊರಗೆ ತೆಗೆದು ಸ್ವಲ್ಪ ಹೊತ್ತಿಗೆ ಸ್ಟೀಲ್ ಒಣಗುತ್ತದೆ. ಪ್ಲಾಸ್ಟಿಕ್ ಡಬ್ಬಿ ಮಾತ್ರ ಒದ್ದೆ. ಸೋಪಿನ ಡೋಸ್ ಇನ್ನೂ ಸ್ವಲ್ಪ ಏರಿಸಿ ಇಡಲಾ, ಸೇಫ್ ಅಂತ?

ಪಾನಾಪಕ್ಕಡ್:
ಬೇಡ. ನಿಮ್ಮಂಥ ಗಡಸಲ್ಲದ ನೀರಿಗೆ ಸೋಪು ಜಾಸ್ತಿಯಾದರೆ ಗಾಜನ್ನೇ ತಿನ್ನುತ್ತದೆ. ಲೋಟ ಮಬ್ಬಾಗುತ್ತದೆ, ಆ ಮಬ್ಬು ಯಾವುದಕ್ಕೂ ಹೋಗುವುದಿಲ್ಲ. ಪ್ಲಾಸ್ಟಿಕ್ ಬಿಸಿ ಹಿಡಿದಿಡುವುದಿಲ್ಲ, ಅದನ್ನು ಕವುಚಿ ಹಾಕಿ ಬಿಡಿ.